ಪೊರೆಯ ನುಣುಪು ಮುಖ

ಚಳಿ ಹಿಂದೆ ಸರಿಯುತ್ತಿತ್ತು. ಊರಾಚೆಯ ಹಣ್ಣಿನ ತೋಟಗಳಲ್ಲಿ ಕೊಂಬೆ ಸವರಿ ಮುಗಿದು, ಮರಗಳ ಬುಡಕ್ಕೆ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ಕಣ್ಣಾಸ್ಪತ್ರೆಯ ಮೇಲಿನ ಮಹಡಿಯಿಂದ ನೋಡಿದರೆ ಮರಗಳೆಲ್ಲ ಬಿಳಿ ಕಾಲುಚೀಲ ತೊಟ್ಟು ಮಂಜಿನೊಳಗೆ ಎಲ್ಲಿಗೋ ಹೊರಟು ನಿಂತಂತೆ ಕಾಣುತ್ತಿದ್ದವು. ಅದೇ ಮಹಡಿಯ ಕೊನೆಯ ಕೋಣೆಯಲ್ಲಿ ತಂಗಿ ಬೆಳಗಿನ ಕೆಲಸ ಹಿಡಿದಿದ್ದಳು. ಜೀವಕೋಶ ಬೆಳೆಸುವ ಕೋಣೆ ಅದು. ಮೈ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಿಂದ ತಟ್ಟೆಗಳನ್ನು ಒಂದೊಂದಾಗಿ ಹೊರತೆಗೆಯುವುದು, ಕೋಶಗಳು ಉಂಡು ಬಿಟ್ಟ ಗುಲಾಬಿ ಬಣ್ಣದ ರಸವನ್ನು ಹೀರಿ ಹೊಸದನ್ನು ಹನಿಸುವುದು, ಸೂಕ್ಷ್ಮದರ್ಶಕದಲ್ಲಿ ನೋಡುವುದು, ಮತ್ತೆ ಒಳಗಿಡುವುದು. ಹಟ್ಟಿಯ ಕರುಗಳನ್ನು ನೋಡಿಕೊಂಡಷ್ಟೇ ನಿಧಾನ ಬೇಡುವ ಕೆಲಸ.

ಒಂದು ತಟ್ಟೆಯನ್ನು ಮಾತ್ರ ಅವಳು ದಿನವೂ ಕೊನೆಗೆ ಉಳಿಸಿಕೊಳ್ಳುತ್ತಿದ್ದಳು. ಅದು ಅಕ್ಕನದು.

ಅಕ್ಕ ತೋಟದವಳು. ಹಿಂದಿನ ವರ್ಷ ಸುಣ್ಣ ಕದಡುವಾಗ ಬಕೀಟಿನಿಂದ ಸಿಡಿದು ಎಡಗಣ್ಣು ಸುಟ್ಟಿತ್ತು. ಉರಿ ಹೋಯಿತು, ಕೆಂಪು ಹೋಯಿತು, ಕಪ್ಪುಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಪದರ ಮಾತ್ರ ಕೂತುಬಿಟ್ಟಿತು. ಒಂದು ಕಣ್ಣಿನಲ್ಲಿ ನಡೆದಾಡಬಹುದು, ಅಡುಗೆ ಮಾಡಬಹುದು. ಏಣಿ ಹತ್ತಿ ಕೊಂಬೆ ಸವರಲು ಆಗದು. ಕತ್ತರಿ ಎಷ್ಟು ದೂರ, ಚಿಗುರು ಎಷ್ಟು ದೂರ ಎನ್ನುವುದು ತಿಳಿಯುವುದಿಲ್ಲ. ಈ ಸಲ ಹಣ್ಣು ಕೊಡುವ ರೆಂಬೆಯನ್ನೇ ಕಡಿದುಹಾಕಿ, ಕೆಳಗಿಳಿದು ಏಣಿಗೆ ಒರಗಿಕೊಂಡು ಬಹಳ ಹೊತ್ತು ನಿಂತಿದ್ದಳಂತೆ. ಆಮೇಲೆ ಏಣಿಯ ಕಡೆ ಹೋಗಿರಲಿಲ್ಲ.

ಡಾಕ್ಟರು ಹೇಳಿದ ದಾರಿ ಒಂದೇ. ಗುಡ್ಡೆಯ ಅಂಚಿನಲ್ಲಿ ಹೊಸ ಕೋಶಗಳನ್ನು ಹುಟ್ಟಿಸುವ ಒಂದು ಸುತ್ತು ಇರುತ್ತದೆ. ಎಡಗಣ್ಣಿನಲ್ಲಿ ಅದು ಸುಟ್ಟುಹೋಗಿದೆ. ಬಲಗಣ್ಣಿನ ಸುತ್ತಿನಿಂದ ಎಳ್ಳಿಗಿಂತ ಚಿಕ್ಕ ಚೂರು ತೆಗೆದು, ಹೊರಗೆ ಬೆಳೆಸಿ, ಹಾಳೆಯಷ್ಟಾದ ಮೇಲೆ ಎಡಗಣ್ಣಿಗೆ ಹೊದಿಸಬೇಕು. ಬಲಗಣ್ಣನ್ನು ಎರಡನೇ ಸಲ ಮುಟ್ಟುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಇರುವ ಒಳ್ಳೆಯ ಕಣ್ಣನ್ನು ಪಣಕ್ಕಿಡುವ ಮಾತೇ ಇಲ್ಲ.

ಆ ಚೂರು ಈಗ ತಟ್ಟೆಯೊಳಗೆ ಒಂದು ಪೊರೆಯ ಮೇಲೆ ಕೂತಿತ್ತು. ಗರ್ಭದಲ್ಲಿ ಮಗುವನ್ನು ಸುತ್ತಿಕೊಂಡಿರುವ ಪೊರೆ. ಹೆರಿಗೆಯಾದ ತಾಯಂದಿರು ಒಪ್ಪಿ ಕೊಟ್ಟಿದ್ದನ್ನು ತೊಳೆದು, ಪರೀಕ್ಷಿಸಿ, ಹಿಮದಲ್ಲಿಟ್ಟಿರುತ್ತಾರೆ. ಬರಿಯ ಗಾಜಿನ ಮೇಲೆ ಬಿಟ್ಟರೆ ಈ ಕೋಶಗಳು ದಿಕ್ಕು ತಪ್ಪಿದವರ ಹಾಗೆ ಮುದುರಿಕೊಳ್ಳುತ್ತವೆ. ಪೊರೆಯ ಮೇಲಾದರೆ ಕಾಲೂರುತ್ತವೆ. ಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಕತ್ತಲೆಯಲ್ಲಿ ಗೋಡೆ ಸವರುತ್ತ ನಡೆಯುವವರಂತೆ ಅಂಚನ್ನು ಮುಂದೆ ಚಾಚಿ ನೆಲವನ್ನು ತಡವುತ್ತದೆ. ನೆಲ ಒಪ್ಪಿದರೆ ಹಿಡಿದುಕೊಳ್ಳುತ್ತದೆ, ಮೈಯನ್ನು ಎಳೆದುಕೊಳ್ಳುತ್ತದೆ. ಪಕ್ಕದ್ದು ತಾಗಿದರೆ ಒಂದಕ್ಕೊಂದು ಅಂಟಿಕೊಂಡು ಸುದ್ದಿ ದಾಟಿಸುತ್ತವೆ. ಇಲ್ಲಿ ಜಾಗವಿದೆ, ಬಾ. ಇಲ್ಲಿ ತುಂಬಿತು, ನಿಲ್ಲು. ಹಾಗೆ ಹರಡುವುದನ್ನು ನೋಡುತ್ತ ಕೂತರೆ ತಂಗಿಗೆ ಕೆಲವೊಮ್ಮೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ಎನಿಸುತ್ತಿತ್ತು. ನಸುಕಿನಲ್ಲಿ ಒಂದು ಊರಿಗೆ ಊರೇ ಸದ್ದಿಲ್ಲದೆ ಎದ್ದು, ಹೆಗಲಿಗೆ ಹೆಗಲು ಕೊಟ್ಟು, ಬಯಲಿಗೆ ಹೊರಟ ಹಾಗೆ.

ಅಕ್ಕನ ತಟ್ಟೆಯಲ್ಲಿ ಆ ಊರು ಏಳಲೇ ಇಲ್ಲ. ಚೂರಿನ ಅಂಚಿನಿಂದ ನಾಲ್ಕಾರು ಕೋಶಗಳು ಹೊರಬಂದು ಅಲ್ಲೊಂದು ಇಲ್ಲೊಂದು ನಿಂತಿದ್ದವು. ಉದ್ದುದ್ದ ಎಳೆದುಕೊಂಡು, ಯಾವುದೂ ಯಾವುದನ್ನೂ ಮುಟ್ಟದೆ. ಪಕ್ಕದ ತಟ್ಟೆಗಳಲ್ಲಿ ಅದೇ ವಾರ ಇಟ್ಟವು ಬಯಲು ತುಂಬುತ್ತಿದ್ದವು.

ಕೋಣೆಯ ಮೇಲ್ವಿಚಾರಣೆಯ ಹಿರಿಯಾಕೆ ಬಂದು ನೋಡಿದರು. ತುದಿಯಲ್ಲಿ ಸ್ಪಂಜು ಇರುವ ಕಡ್ಡಿಯೊಂದನ್ನು ತಂಗಿಯ ಕೈಗೆ ಕೊಟ್ಟರು. ತಂಗಿ ಪೊರೆಯ ತೀರಾ ಅಂಚನ್ನು ಅದರಿಂದ ಮುಟ್ಟಿ ಎತ್ತಿದಳು. ಜೇಡರ ಎಳೆಯಂಥ ಒಂದು ನೂಲು ಕಡ್ಡಿಗಂಟಿ ಮೇಲೆ ಬಂತು.

ಪೊರೆಗೆ ಎರಡು ಮುಖ. ಒಂದು ನುಣುಪು, ಕೋಶಗಳು ಸಾಲಾಗಿ ಕಾಲೂರುವ ನೆಲ. ಇನ್ನೊಂದು ಅಂಟಂಟು, ಸಡಿಲ ನಾರಿನದು. ಅಲ್ಲಿ ಅವು ನಾರಿನೊಳಗೆ ಸಿಕ್ಕಿ ಒಂಟಿಯಾಗುತ್ತವೆ. ಕಣ್ಣಿಗೆ ಎರಡೂ ಒಂದೇ. ಹಾಸುವ ಮುಂಚೆ ಕಡ್ಡಿ ಮುಟ್ಟಿಸಿಯೇ ತಿಳಿಯಬೇಕು, ನೂಲು ಎದ್ದರೆ ಅದು ಅಂಟು ಮುಖ. ಯಾರದೋ ತಟ್ಟೆಯಾಗಿದ್ದರೆ ಅವಳ ಕೈ ತಾನಾಗಿಯೇ ಕಡ್ಡಿಗೆ ಹೋಗುತ್ತಿತ್ತು. ಅಕ್ಕನದೆಂದು, ಪೊರೆ ಎಲ್ಲಿ ನೊಂದೀತೋ ಎಂದು, ಮುಟ್ಟದೆ ಹಾಸಿದ್ದಳು.

“ಮಮತೆ ಜಾಸ್ತಿಯಾಯ್ತು,” ಎಂದರು ಹಿರಿಯಾಕೆ. ಬೈಗುಳ ಅಷ್ಟೇ. ಆಮೇಲೆ ಇಬ್ಬರೂ ಕೂತು ಮಾತಾಡಿಕೊಂಡರು. ಹೀಗೇ ಬಿಟ್ಟರೆ ಹಾಳೆ ಆಗುವುದಿಲ್ಲ. ಚೂರನ್ನು ಬಿಡಿಸಿ ಬೇರೆ ಪೊರೆಗೆ ಇಡಬಹುದು, ಆದರೆ ಎಬ್ಬಿಸುವಾಗ ಜೀವ ಹೋಗಬಹುದು. ವಿಷಯ ತಿಳಿಸಿದಾಗ ಡಾಕ್ಟರು ಯೋಚಿಸಿ, ಕಣ್ಣು ಯಾರದೋ ಅವರನ್ನೇ ಕೇಳಬೇಕು ಎಂದರು.

ಮಧ್ಯಾಹ್ನ ಅಕ್ಕ ಬಂದು ಕಾಯುವವರ ಬೆಂಚಿನ ಮೇಲೆ ಕೂತಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ತಂಗಿ ಪಕ್ಕದಲ್ಲಿ ಕೂತು ಆದದ್ದನ್ನೆಲ್ಲ ಹೇಳಿದಳು. ತಪ್ಪು ತನ್ನದೇ ಎಂದು ಎರಡು ಸಲ ಹೇಳಿದಳು.

ಅಕ್ಕ ಉಗುರಿನ ಮಣ್ಣು ಕೆರೆದು ತೆಗೆದಳು. “ಅಂದ್ರೆ ನನ್ನವು ಯಾರ ಜೊತೇನೂ ಸೇರದೆ ಮುಖ ಊದಿಸ್ಕೊಂಡು ನಿಂತಿವೆ ಅನ್ನು.”

“ನಗಬೇಡ ಅಕ್ಕ. ಸತ್ತುಹೋದ್ರೆ ಮತ್ತೆ ಇಲ್ಲ.”

“ನಾನು ನರ್ಸರಿಯಿಂದ ತಂದ ಗಿಡ ಒಗ್ಗದೇ ಇದ್ರೆ ಏನ್ಮಾಡ್ತೀನಿ ಹೇಳು. ಅಲ್ಲೇ ಬಾಡ್ಲಿ ಅಂತ ಬಿಡ್ತೀನಾ?” ಅವಳು ತಂಗಿಯ ಕೈ ಹಿಡಿದು ನೋಡಿದಳು. “ಕಿತ್ತು ನೆಡು. ಆದ್ರೆ ನೀನೇ ನೆಡ್ಬೇಕು. ಈ ಸಲ ನಾನು ಯಾರೋ ಅಂದ್ಕೊ.”

ಸಂಜೆಗೆ ಮುಂಚೆ ಹೊಸ ಪೊರೆ ಹಿಮ ಕರಗಿ ಬಂತು. ತಂಗಿ ಕಡ್ಡಿ ಮುಟ್ಟಿಸಿದಳು, ನೂಲು ಬರಲಿಲ್ಲ. ಮಗ್ಗುಲು ತಿರುಗಿಸಿ ಮತ್ತೆ ಮುಟ್ಟಿಸಿದಳು, ನೂಲು ಬಂತು. ನುಣುಪು ಮುಖ ಮೇಲಾಗಿ ಹಾಸಿ, ಹಳೆಯದರಿಂದ ಚೂರನ್ನು ಸೂಜಿಯ ತುದಿಯಲ್ಲಿ ಬಿಡಿಸಿದಳು. ಹತ್ತಿರ ನಿಂತ ಹಿರಿಯಾಕೆಯ ಉಸಿರು ಕೇಳುತ್ತಿತ್ತು. ಚೂರನ್ನು ಹೊಸ ನೆಲದ ಮೇಲೆ ಇಳಿಸಿ, ತೇಲಿಹೋಗದಷ್ಟೇ ರಸ ಹನಿಸಿ, ಪೆಟ್ಟಿಗೆಯ ಬಾಗಿಲು ಮುಚ್ಚಿದಳು. ಇನ್ನು ಮಾಡುವುದಕ್ಕೆ ಏನೂ ಇರಲಿಲ್ಲ.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಗ್ಗೆ ಚೂರಿನ ಅಂಚು ಮಸುಕಾಗಿ ಕಂಡಿತು. ಕನ್ನಡಕ ಒರೆಸಿ ಮತ್ತೆ ನೋಡಿದಳು. ಮಸುಕಲ್ಲ. ಸಣ್ಣ ಸಣ್ಣ ಹಾಸುಗಲ್ಲುಗಳಂತೆ ಒತ್ತೊತ್ತಾಗಿ, ಒಂದರ ತೋಳು ಒಂದರ ತೋಳಿನಲ್ಲಿ, ಅವು ಹೊರಟಿದ್ದವು. ಅಕ್ಕನ ಮೈಯ ಒಂದು ಬೀದಿ ಯಾರದೋ ಮಡಿಲಿನ ಮೇಲೆ ನಡೆದು ಹೋಗುತ್ತಿತ್ತು. ಮರುವಾರ ಅವು ಪೊರೆಯ ಅಂಚು ಮುಟ್ಟಿ, ನಡುವಿನ ಸಂದುಗಳನ್ನೂ ತುಂಬಿ, ತಾವಾಗಿಯೇ ನಿಂತವು.

ಶಸ್ತ್ರಚಿಕಿತ್ಸೆ ಆಯಿತು. ಕಟ್ಟು ಬಿಚ್ಚಿದ ದಿನ ಅಕ್ಕನಿಗೆ ಕಂಡದ್ದು ಒದ್ದೆ ಬಟ್ಟೆಯಾಚೆಯ ದೀಪದಂಥ ಬೆಳಕು. ಮರ ಚಿಗುರುವ ಹೊತ್ತಿಗೆ ಅದು ತಿಳಿಯಾಗುತ್ತ ಬಂತು. ಪೂರ್ತಿ ಅಲ್ಲ. ಡಾಕ್ಟರು ಎರಡು ಪೆನ್ನು ಎದುರಿಗೆ ಹಿಡಿದು ಯಾವುದು ಹತ್ತಿರ ಎಂದು ಕೇಳಿದರು. ಅಕ್ಕ ಕೈ ಚಾಚಿ ಹತ್ತಿರದ್ದನ್ನು ತಪ್ಪದೆ ಹಿಡಿದಳು.

ಹೊರಗೆ ಬಂದ ಮೇಲೆ ಅವಳು ಕೇಳಿದಳು, “ಆ ಪೊರೆ ಯಾರ್ದು?”

ಹೇಳುವ ಹಾಗಿಲ್ಲ, ತನಗೂ ಗೊತ್ತಿಲ್ಲ, ಎಂದಳು ತಂಗಿ. ಅದು ಈಗ ಕಣ್ಣಿನಲ್ಲಿ ಕರಗಿಹೋಗಿರುತ್ತದೆ ಎಂದೂ ಹೇಳಿದಳು.

“ಮೊದಲ್ನೇದು ಹಾಳಾಯ್ತಲ್ಲ, ಅದೂ ಒಬ್ಬ ಬಾಣಂತಿಯದೇ?”

“ಹೂಂ.”

“ಹಾಗಾದ್ರೆ ಇಬ್ಬರ ಋಣ. ಒಂದು ನಂದು, ಒಂದು ನಿಂದು.” ತೀರಿಸುವ ದಾರಿ ಇದೆಯೇ ಎಂದು ಅವಳು ಕೇಳಲಿಲ್ಲ.

ಆಸ್ಪತ್ರೆಯ ಬಾಗಿಲಿನ ಮೆಟ್ಟಿಲಿಳಿಯುವಾಗ ಹೆಗಲ ಮೇಲೆ ಮಗುವನ್ನು ಮಲಗಿಸಿಕೊಂಡ ಹೆಂಗಸೊಬ್ಬಳು ಎದುರು ಬಂದಳು. ಅಕ್ಕ ಗೋಡೆಗೆ ಸರಿದು ದಾರಿ ಬಿಟ್ಟಳು. ಹಿಂದೆಯೇ ಇನ್ನೊಬ್ಬಳು ಬರುತ್ತಿದ್ದಳು. ಅಕ್ಕ ಅಲ್ಲೇ ನಿಂತಳು, ಅವಳೂ ದಾಟಲಿ ಎಂದು.