ಸಹಿಯ ಕಿಂಡಿ

ನಾನು ಅಲ್ಯೂಮಿನಿಯಂ ತಗಡಿನ ಒಂದು ಸಣ್ಣ ತುಂಡು. ಅಂಗೈಯಲ್ಲಿ ಹಿಡಿಸುತ್ತೇನೆ. ನಡುವೆ ಉದ್ದನೆಯ ಒಂದು ಕಿಂಡಿ ಇದೆ. ಕಣ್ಣು ಕಾಣದವರು ನನ್ನನ್ನು ಕಾಗದದ ಮೇಲಿಟ್ಟು, ಆ ಕಿಂಡಿಯೊಳಗೆ ಪೆನ್ನು ಆಡಿಸಿ ಸಹಿ ಮಾಡುತ್ತಾರೆ. ಸಾಲು ಮೇಲೆ ಕೆಳಗೆ ಓಡದಂತೆ ನನ್ನ ಅಂಚು ತಡೆಯುತ್ತದೆ. ನನ್ನ ಕೆಲಸ ಇಷ್ಟೇ. ಇಷ್ಟರ ಸಲುವಾಗಿ ಎಂಥ ಜಗಳವಾಯಿತು ಎಂಬುದನ್ನು ಹೇಳುತ್ತೇನೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಅಂಧರ ತರಬೇತಿ ಕೇಂದ್ರವೊಂದರ ಹಿಂದಿನ ಷೆಡ್ಡಿನಲ್ಲಿ. ನನ್ನನ್ನು ಕತ್ತರಿಸಿದ ಫಕ್ಕೀರಪ್ಪನಿಗೂ ಕಣ್ಣಿರಲಿಲ್ಲ. ಅರದಿಂದ ನನ್ನ ಅಂಚುಗಳನ್ನು ಉಜ್ಜಿ, ಕಿರುಬೆರಳಿನಿಂದ ಸುತ್ತ ಸವರಿ, "ಚುಚ್ಚಬಾರದು, ಜಾರಲೂಬಾರದು" ಎಂದು ಗೊಣಗುತ್ತ ಮತ್ತೊಮ್ಮೆ ಉಜ್ಜಿದ. ಕೇಂದ್ರದಲ್ಲಿ ಬ್ರೈಲ್ ಕಲಿಸುತ್ತಿದ್ದ ಮೆಹಬೂಬಸಾಬರು ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಅವರೂ ಕಾಣದವರೇ. ಹಾಜರಿ ಪುಸ್ತಕದಲ್ಲಿ ದಿನಕ್ಕೆ ಎರಡು ಸಹಿ. ಆರು ವರ್ಷ ಹಾಗೇ ಕಳೆಯಿತು.

ಒಂದು ದಿನ ಇಂದುಮತಿ ಅಕ್ಕಾರು ಬಂದರು. ಗದಗಿನ ಸರಕಾರಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಗಣಿತ ಕಲಿಸಿದವರು. ಮೂವತ್ತರ ಹೊತ್ತಿಗೆ ಅವರ ನೋಟ ಸುತ್ತಲಿಂದ ಕಪ್ಪಾಗುತ್ತ ಬಂದು, ನಲವತ್ತಮೂರಕ್ಕೆ ನಡುವೆ ಉಳಿದಿದ್ದ ಬೆಳಕೂ ಆರಿಹೋಗಿತ್ತು. ರಜೆಯ ಮೇಲಿದ್ದರು. ಸಾಬರ ಎದುರಿನ ಕುರ್ಚಿಯಲ್ಲಿ ಕುಳಿತರು. ಆಮೇಲೆ ಒಮ್ಮೆಲೇ ಹೇಳಿದರು:

"ರಜಾ ಮುಂದುವರಸಾಕ ಆಫೀಸಿಗೆ ಹೋಗಿದ್ದೆ. ಕ್ಲರ್ಕ್ ಕೇಳಲಿಲ್ಲ, ಹೇಳಲಿಲ್ಲ, ನನ್ನ ಹೆಬ್ಬೆರಳು ಹಿಡದು ಮಸಿಯಾಗ ಅದ್ದಿ ಒತ್ತಿಸಿಬಿಟ್ಟ. ಎಂ.ಎಸ್ಸಿ. ಮಾಡೀನ್ರೀ ನಾನು."

"ಕೈ ಹಿಂದಕ್ಕ ಎಳಕೊಳ್ಳಲಿಲ್ಲೇನ್ರೀ?" ಎಂದು ಸಾಬರು ಕೇಳಿದರು.

"ಇಲ್ಲ."

"ಯಾಕ?"

"ನಂದಿನ್ನ ಮುಗೀತು ಅಂತ ನಾನೂ ತಿಳಕೊಂಡಿದ್ದೆ."

ಸಾಬರು ಸಮಾಧಾನ ಹೇಳಲಿಲ್ಲ. ಒಂದು ಹಾಳೆ ಹಾಸಿ, ಅದರ ಮೇಲೆ ನನ್ನನ್ನಿಟ್ಟು, ಅಕ್ಕಾರ ಎಡಗೈ ಬೆರಳನ್ನು ನನ್ನ ಅಂಚಿಗೆ ತಾಗಿಸಿದರು. "ಬರೀರಿ."

ಮೊದಲ ಸಹಿಯಲ್ಲಿ ಅಕ್ಷರಗಳೆಲ್ಲ ಒಂದರ ಮೇಲೊಂದು ಹತ್ತಿ ಕುಳಿತವು. ಹತ್ತನೆಯದು ಅರ್ಧಕ್ಕೇ ನಿಂತಿತು. ಹಾಳೆಯ ಮೇಲೆ ಹಾಳೆ ಮುಗಿಯುತ್ತಿದ್ದಂತೆ ಕೈಗೆ ತನ್ನ ಹಳೆಯ ಓಟ ನೆನಪಾಯಿತು. ನಾಲ್ಕು ತಿಂಗಳು ಅವರು ಅಲ್ಲೇ ಉಳಿದು ಬಿಳಿಕೋಲು ಹಿಡಿದು ನಡೆಯುವುದನ್ನು, ಬ್ರೈಲ್ ಚುಕ್ಕಿಗಳನ್ನು, ಬರಹವನ್ನು ಓದಿ ಹೇಳುವ ಫೋನನ್ನು ಕಲಿತರು. ಕಲಿಯುವಾಗ ಅತ್ತದ್ದೂ ಉಂಟು, ಕೋಲು ಬಿಸಾಡಿದ್ದೂ ಉಂಟು. ಹೊರಡುವ ದಿನ ಸಾಬರು ನನ್ನನ್ನು ಅವರ ಕೈಗೆ ಹಾಕಿದರು.

"ನೌಕರಿಯಾಗ ಇದ್ದಾಗ ಕಣ್ಣು ಹೋದ್ರ ಸರಕಾರ ನಿಮ್ಮನ್ನ ತಗದುಹಾಕಂಗಿಲ್ಲ. ಹಂಗಂತ ಕಾಯ್ದೆ ಐತಿ. ಆದ್ರ ನೀವಾಗೇ ಬಿಟ್ಟು ಹೋದ್ರ ಯಾವ ಕಾಯ್ದೆನೂ ತಡ್ಯಂಗಿಲ್ಲ. ನೆನಪಿಡ್ರಿ."

ಜೂನಿನಲ್ಲಿ ಅಕ್ಕಾರು ಶಾಲೆಗೆ ಹೋದರು. ತಮ್ಮ ವಸಂತ ಜೊತೆಗಿದ್ದ. ಹೆಡ್‌ಮಾಸ್ತರ್ ನಾಡಗೌಡರು ಕೆಟ್ಟವರಲ್ಲ; ಚಹಾ ತರಿಸಿದರು, ಆರೋಗ್ಯ ಕೇಳಿದರು. ನಂತರ ಮೇಜಿನ ಮೇಲೆ ಕಾಗದವೊಂದು ಸರಿದ ಸದ್ದಾಯಿತು.

"ಏನದು?" ಅಕ್ಕಾರು ಕೇಳಿದರು.

"ಸ್ವಇಚ್ಛಾ ನಿವೃತ್ತಿ ಅರ್ಜಿ ಅಕ್ಕಾರ. ವಸಂತಪ್ಪಾರು ನಾನು ಕೂಡೇ ವಿಚಾರ ಮಾಡೀವಿ. ನೀವು ಯಾಕ ಕಷ್ಟಪಡಬೇಕು?"

"ಓದ್ರಿ ಅದನ್ನ."

ನಾಡಗೌಡರು ಓದತೊಡಗಿದರು. "ನನ್ನ ಸ್ವಂತ ಇಚ್ಛೆಯಿಂದ" ಎಂಬಲ್ಲಿಗೆ ಬಂದಾಗ ಅಕ್ಕಾರು ಕೈಯೆತ್ತಿ ನಿಲ್ಲಿಸಿದರು.

"ವಸಂತ, ಈ ಇಚ್ಛಾ ಯಾರದು?"

"ಅಕ್ಕ, ನಿನ್ನ ಒಳ್ಳೇದಕ್ಕಂತನ..."

"ನಾ ಕೇಳಿದ್ದು ಅದಲ್ಲ."

ವಸಂತ ಹೆಬ್ಬೆಟ್ಟೊತ್ತಿಸುವ ಮಸಿಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು. ಅಕ್ಕಾರು ಚೀಲದಿಂದ ನನ್ನನ್ನು ತೆಗೆದರು.

"ಸಹಿ ಮಾಡೋ ಜಾಗ ಎಲ್ಲೈತಿ, ತೋರಸ್ರಿ ಸರ್."

ನಾಡಗೌಡರು ಸಮಾಧಾನದ ಉಸಿರು ಬಿಟ್ಟು ನನ್ನನ್ನು ಸರಿಯಾದ ಜಾಗಕ್ಕೆ ಒಯ್ದು ಇಟ್ಟರು. ಅಕ್ಕಾರು ನನ್ನ ಕಿಂಡಿಯೊಳಗೆ ದಪ್ಪ ಅಕ್ಷರದಲ್ಲಿ ಬರೆದರು: ಒಪ್ಪಿಗೆ ಇಲ್ಲ. ಪಕ್ಕದಲ್ಲೇ ಸಹಿ, ಅದರಡಿಗೆ ತಾರೀಖು.

"ಇದನ್ನ ಹಿಂಗೇ ಮ್ಯಾಲೆ ಕಳಸ್ರಿ," ಎಂದರು. "ನಂದು ಹತ್ತನೇತ್ತಾ ಕ್ಲಾಸ್ ಯಾವಾಗೈತಿ?"

"ಪಾಠ ಹೆಂಗ ಮಾಡ್ತೀರಿ ಅಕ್ಕಾರ?"

"ಬಂದು ಕೂಡ್ರಿ, ನೋಡ್ರಿ."

ಅವರು ನಿಜವಾಗಿಯೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ಅಕ್ಕಾರ ಮುಷ್ಟಿಯಲ್ಲಿದ್ದೆ. ಪ್ರಶ್ನೆ ಕೇಳಿದಾಗ ಹುಡುಗಿಯರು ರೂಢಿಯಂತೆ ಸುಮ್ಮನೆ ಕೈಯೆತ್ತಿದರು. ಅಕ್ಕಾರು ಕಾದರು. ಉತ್ತರವಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಅಕ್ಕಾರ ಮುಷ್ಟಿ ಎಷ್ಟು ಬಿಗಿಯಿತೆಂದರೆ ನನ್ನ ಒಂದು ಮೂಲೆ ಬಾಗಿತು. ಇವತ್ತಿಗೂ ಹಾಗೇ ಇದೆ.

"ಕೈ ಎತ್ತಬ್ಯಾಡ್ರಿ. ನನಗ ಕಾಣಂಗಿಲ್ಲ," ಎಂದರು. "ಹೆಸರು ಹೇಳ್ರಿ, ಆಮೇಲೆ ಉತ್ತರ ಹೇಳ್ರಿ."

ಒಬ್ಬಳು ತನ್ನ ಹೆಸರು ಹೇಳಿದಳು. ಆಮೇಲೆ ಇನ್ನೊಬ್ಬಳು. ರೇಷ್ಮಾ ಎಂಬುವಳು ಬೋರ್ಡಿನ ಮೇಲೆ ಸಮೀಕರಣ ಬಿಡಿಸುತ್ತ, ಬರೆದದ್ದನ್ನು ಗಟ್ಟಿಯಾಗಿ ಓದುತ್ತ ಹೋದಳು. ಮೂರನೆಯ ಸಾಲಿಗೆ ಅಕ್ಕಾರು ತಡೆದರು. "ಆ ಕಡಿಯಿಂದ ಈ ಕಡಿ ಬಂದೈತಿ, ಚಿಹ್ನೆ ಬದಲಾಗಲಿಲ್ಲಲ್ಲವಾ." ಬೋರ್ಡನ್ನು ಕಣ್ಣಾರೆ ನೋಡುತ್ತಿದ್ದ ಉಳಿದ ಮೂವತ್ತೆಂಟು ಮಂದಿಯೂ ಅದನ್ನು ಗಮನಿಸಿರಲಿಲ್ಲ. ಗಂಟೆ ಹೊಡೆಯುವ ತನಕ ನಾಡಗೌಡರು ಏಳಲಿಲ್ಲ.

ಆ ಕಾಗದ ಮೇಲಿನ ಕಚೇರಿಗೆ ಹೋಯಿತು, ಪ್ರಶ್ನೆ ಹೊತ್ತು ವಾಪಸು ಬಂತು, ಮತ್ತೆ ಹೋಯಿತು. ಪ್ರತಿ ಪ್ರಶ್ನೆಗೂ ಅಕ್ಕಾರು ಕಾಯ್ದೆಯ ಪ್ರತಿ ಲಗತ್ತಿಸಿ ಉತ್ತರ ಬರೆಸಿದರು. ಕೆಳಗೆ ಸಹಿ ಹಾಕಿದ್ದು ನನ್ನ ಕಿಂಡಿಯಲ್ಲಿ. ಐದು ತಿಂಗಳ ಮೇಲೆ, ಅವರು ಅದೇ ಹುದ್ದೆಯಲ್ಲಿ ಮುಂದುವರಿಯಬಹುದೆಂದು ಆದೇಶ ಬಂತು. ನಾಡಗೌಡರೇ ಓಡಿಬಂದು ಓದಿ ಹೇಳಿದರು.

ವಸಂತ ಒಂದು ವರ್ಷ ಮಾತು ಬಿಟ್ಟಿದ್ದ. ಪಠ್ಯಪುಸ್ತಕ ಬದಲಾದಾಗ ತಾನಾಗಿ ಬಂದು, ಇಡೀ ಪುಸ್ತಕವನ್ನು ಓದಿ ಧ್ವನಿಮುದ್ರಿಸಿ ಕೊಟ್ಟ. ತಪ್ಪಾಯಿತು ಅನ್ನಲಿಲ್ಲ. ಅಕ್ಕನೂ ಅನ್ನಿಸಿಕೊಳ್ಳಲು ಕಾದಿರಲಿಲ್ಲ.

ಅಕ್ಕಾರು ಅರವತ್ತು ತುಂಬುವ ತನಕ ಕಲಿಸಿದರು. ಈಗ ನಿವೃತ್ತರು. ನನಗೂ ವಯಸ್ಸಾಗಿದೆ, ಹೊಳಪು ಹೋಗಿದೆ, ಕಿಂಡಿಯ ಕೆಳಗಿನ ಅಂಚು ಪೆನ್ನು ಓಡಿ ಓಡಿ ಸವೆದಿದೆ. ಪೇಟೆಗೆ ಬಣ್ಣದ ಪ್ಲಾಸ್ಟಿಕ್ಕಿನವು ಬಂದಿವೆ. ಆದರೂ ಭಾನುವಾರ ಹೊಸದಾಗಿ ನೋಟ ಕಳೆದುಕೊಂಡವರು ಅಕ್ಕಾರ ಮನೆಗೆ ಬಂದಾಗ ಮೇಜಿನ ಮೇಲೆ ಮೊದಲು ಬರುವವನು ನಾನೇ. ನನಗೆ ಒಂದು ಮಾತು ತಿಳಿದಿದೆ: ಕಣ್ಣು ಹೋದವರ ಕೈ ಹಿಡಿಯಲು ಬಹಳ ಜನ ಬರುತ್ತಾರೆ, ಕೈಗೆ ಪೆನ್ನು ಕೊಡುವವರು ಕಡಿಮೆ.

ಕಳೆದ ವಾರ ಚನ್ನವೀರಯ್ಯ ಬಂದಿದ್ದರು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವರು. ಸಕ್ಕರೆ ಕಾಯಿಲೆ ಕಣ್ಣು ತಿಂದಿತ್ತು. ನನ್ನನ್ನು ತಡವಿ ನೋಡಿ, ಪೆನ್ನು ಹಿಡಿದು, ಕಿಂಡಿಯ ಉದ್ದ ಅಳೆದರು.

"ನನ್ನ ಹೆಸರು ಉದ್ದ ಐತ್ರೀ ಅಕ್ಕಾರ. ಈ ಕಿಂಡ್ಯಾಗ ಹಿಡಿಯಂಗಿಲ್ಲ. ಮೊದಲನೇ ಅಕ್ಷರ ಅಷ್ಟ ಬರದ್ರ ಸಾಕೇನ್ರೀ?"

"ಹೆಸರು ಯಾಕ ಮುರೀತೀರಿ?" ಎಂದರು ಅಕ್ಕಾರು. "ತಗಡು ಸರಸ್ರಿ."

ಚನ್ನವೀರಯ್ಯ ಕಿಂಡಿ ತುಂಬುವವರೆಗೆ ಬರೆದರು, ನನ್ನನ್ನು ಬಲಕ್ಕೆ ತಳ್ಳಿದರು, ಉಳಿದದ್ದನ್ನೂ ಬರೆದರು.