ನಲವತ್ತು ತುಂಡು

ಹಲಸೂರಿನ ನಮ್ಮ ಪುಟ್ಟ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರೂ ಒಂದೊಂದು ತುಂಡು ರೊಟ್ಟಿ ತಿನ್ನುವ ದಿನ. ಅದಕ್ಕೆ ರೊಟ್ಟಿ ಸುಟ್ಟು, ತುಂಡು ಮಾಡಿ ತರುವ ಕೆಲಸ ಇಪ್ಪತ್ತು ವರ್ಷದಿಂದ ನನ್ನದು. ಮೊನ್ನೆಯೂ ಹಳೆಯ ಅಭ್ಯಾಸದಲ್ಲಿ ನಲವತ್ತು ತುಂಡು ಮಾಡಿದ್ದೆ. ಇದ್ದವರು ನಮ್ಮ ಪಾದ್ರಿ ಅಯ್ಯನವರು ಮತ್ತು ನಾನು, ಇಬ್ಬರೇ. ಮಿಕ್ಕವರೆಲ್ಲ ಕೆ.ಆರ್. ಪುರದ ಹೊಸ ಚರ್ಚಿಗೆ ಹೋಗಿದ್ದರು. ಅಲ್ಲಿ ಡ್ರಮ್ಸ್ ಇದೆ, ಎ.ಸಿ. ಇದೆ, ಆರಾಧನೆ ಮುಗಿದರೆ ಬಿರಿಯಾನಿಯೂ ಇದೆ. ಹಾಳಾಗಿ ಹೋಗಲಿ!

ಪ್ರಾರ್ಥಿಸಿದ ರೊಟ್ಟಿಯನ್ನು ಉಳಿಸುವಂತಿಲ್ಲ, ಎಸೆಯುವಂತಿಲ್ಲ. ಅದು ನಮ್ಮ ಪದ್ಧತಿ. ಇಬ್ಬರೂ ಮೇಜಿನ ಬಳಿ ನಿಂತು ತಿನ್ನತೊಡಗಿದೆವು.

“ಇದು ರತ್ನಾ ಟೀಚರ್‌ದು,” ಎನ್ನುತ್ತಾ ನಾನು ಒಂದೊಂದೇ ಎತ್ತಿಕೊಂಡೆ. “ಇದು ಆ ಕಳ್ಳ ಜಯಶೀಲಂದು.”

ಅಯ್ಯನವರು ನಗಲಿಲ್ಲ. ಅವರ ಹೆಂಡತಿಯೂ ಅಲ್ಲಿಗೇ ಹೋಗುತ್ತಿದ್ದರು. ಆಕೆಯ ತುಂಡನ್ನು ಮಾತ್ರ ಹೆಸರು ಹೇಳದೆ ನುಂಗಿದೆ.

ಕೊನೆಯದನ್ನು ನಾನು ಬಾಯಿಗೆ ಹಾಕಿಕೊಂಡಾಗ ಅವರು ತಟ್ಟೆ ಒರೆಸುತ್ತಾ ಹೇಳಿದರು: “ಮುಂದಿನ ತಿಂಗಳು ರೊಟ್ಟಿ ತರ್ಬೇಡಿ, ಸಲೋಮಿಯಮ್ಮ. ನನ್ನೂ ಅಲ್ಲಿಗೇ ಕರ್ದಿದ್ದಾರೆ. ಒಪ್ಕೊಂಡ್ಬಿಟ್ಟೆ.”

ಬೈಯೋಣವೆಂದರೆ ಬಾಯಿ ತುಂಬ ರೊಟ್ಟಿ. ಉಗುಳುವಂತಿರಲಿಲ್ಲ.