ಒಂಬತ್ತನೆಯ ತೂಗುಸೇತುವೆ

ಆ ದಿನ ಗುಬ್ಬಿಯ ಎದೆಬಡಿತ ಪಕ್ಕದ ಕೋಣೆಗೂ ಕೇಳಿಸುವಂತಿತ್ತು ಎಂದರೆ ನಂಬಿ! ಗುಬ್ಬಿ ಎನ್ನುವುದು ಕಂಪನಿಯವರು ಇಟ್ಟ ಅಡ್ಡಹೆಸರು. ‘ತೂಗುಸೇತುವೆ’ ಎಂಬ ವಿಡಿಯೋ ಗೇಮಿನ ಒಂಬತ್ತನೆಯ ಭಾಗ ಅವಳ ಕೈಕೂಸು. ಮೊದಲ ಭಾಗ ಬಂದಾಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು; ಊಟ ನಿದ್ದೆ ಬಿಟ್ಟು ಆಡಿದ್ದಳು. ಈಗ ಹಳಬರು ಮಾತ್ರ ಅದಕ್ಕೆ ಅಂಟಿಕೊಂಡಿದ್ದರು. ಹೊಸಬರು ಮೊದಲ ಸೇತುವೆಯಲ್ಲೇ ದೊಪ್ಪನೆ ಬಿದ್ದು, ಬೈದು, ಎದ್ದು ಹೋಗುತ್ತಿದ್ದರು.

ತಪ್ಪು ಯಾರದು? ಕಂಪನಿಯವರದೇ. ಪ್ರತಿ ಭಾಗವನ್ನೂ ಬಿಡುಗಡೆಗೆ ಮುಂಚೆ ಆಡಿ ನೋಡುತ್ತಿದ್ದವರು ಒಬ್ಬರೇ, ಇಡೀ ಕಂಪನಿ ‘ದೊಡ್ಡಪ್ಪ’ ಎಂದು ಕರೆಯುವ ಹಿರಿಯರು. ಅವರು “ಸಪ್ಪೆ” ಎಂದರೆ ಸಾಕು, ಆಟ ಇನ್ನಷ್ಟು ಕಷ್ಟವಾಗಲೆಂದು ಕಂಪನಿಯವರು ಸೇತುವೆಯಿಂದ ಇನ್ನೊಂದು ಹಲಗೆ ಕೀಳುತ್ತಿದ್ದರು. ದೊಡ್ಡಪ್ಪನ ಕೈ ಪಳಗಿದಂತೆಲ್ಲ ಹಲಗೆ ಕಿತ್ತೂ ಕಿತ್ತೂ ಕೊನೆಗೆ ಬರೀ ಹಗ್ಗ ಉಳಿದಿತ್ತೆನ್ನಿ.

ಕಂಪನಿಯ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಇವತ್ತು ಹೊಸಬರೊಬ್ಬರು ಕುರ್ಚಿ ಬಿಟ್ಟೇಳದೆ ಆಡಬೇಕು, ದೊಡ್ಡಪ್ಪನೂ ಇದು ನಮ್ಮ ಆಟವೇ ಎಂದು ಒಪ್ಪಬೇಕು. ಒಂದು ತಪ್ಪಿದರೂ ಇಡೀ ಸರಣಿಗೆ ಎಳ್ಳುನೀರು.

ಹೊಸಬರೆಂದು ಗುಬ್ಬಿ ಕರೆತಂದದ್ದು ಸ್ವಂತ ಅತ್ತಿಗೆಯನ್ನು. ಹಲ್ಲಿನ ಡಾಕ್ಟರು; ವಿಡಿಯೋ ಗೇಮೆಂದರೆ ಮೂಗು ಮುರಿಯುವವರು. ನಾದಿನಿಯ ಕಾಟ ತಾಳಲಾರದೆ ಬಂದಿದ್ದರು.

ಅಕ್ಕಪಕ್ಕದ ಪರದೆಗಳ ಮುಂದೆ ಇಬ್ಬರೂ ಕುಳಿತರು. ದೊಡ್ಡಪ್ಪ ನೀರು ಕುಡಿದಷ್ಟು ಸಲೀಸಾಗಿ ಮೊದಲ ಸೇತುವೆ ದಾಟಿದರು. ಅತ್ತಿಗೆ ಬಿದ್ದರು. ಮತ್ತೆ ಬಿದ್ದರು. ಬಿದ್ದಾಗಲೆಲ್ಲ ಅವರ ಸೇತುವೆಗೆ ತಾನಾಗಿಯೇ ಒಂದು ಹಲಗೆ ಸೇರಿಕೊಳ್ಳುತ್ತಿತ್ತು. ಗುಬ್ಬಿ ಯಾರಿಗೂ ಹೇಳದೆ ಮಾಡಿದ್ದ ಕಿತಾಪತಿ ಅದು. ಅತ್ತಿಗೆ ಅಂತೂ ಇಂತೂ ದಾಟಿದವರೇ ಹೋ ಎಂದು ಕೂಗಿದರು. ಆ ಕೋಣೆಯಲ್ಲಿ ಅಂಥ ಕೂಗು ಕೇಳಿ ಎಷ್ಟು ಕಾಲವಾಗಿತ್ತೋ! ಗುಬ್ಬಿಗೆ ಕುಣಿಯಬೇಕೆನಿಸಿತು.

ಕೂಗಿಗೆ ದೊಡ್ಡಪ್ಪ ಅತ್ತ ತಿರುಗಿದರು. ಅಷ್ಟೇ, ಎರಡನೆಯ ಸೇತುವೆಯಿಂದ ಜಾರಿ ಬಿದ್ದರು. ಅವರಿಗೂ ಒಂದು ಹಲಗೆ ಬಂತು. ಆ ಪರದೆ, ಈ ಪರದೆ ನೋಡಿದ ಅವರ ಮುಖ ಕೆಂಪಾಯಿತು. ಗುಬ್ಬಿಯ ಕಡೆ ತಿರುಗಿದರು.

“ಬಿದ್ದೋರಿಗೆ ಹಲಗೆ ಕೊಡ್ತೀಯಾ?”

“ಹೂಂ ದೊಡ್ಡಪ್ಪ. ಬೀಳದೋರಿಗೆ ಹಳೇ ಸೇತುವೇನೇ.”

ದೊಡ್ಡಪ್ಪ ಕನ್ನಡಕ ಒರೆಸಿದರು, ಮತ್ತೆ ಹಾಕಿಕೊಂಡರು.

“ನಂದು ತೆಗೆದ್ಬಿಡು, ಮರ್ಯಾದೆ ಪ್ರಶ್ನೆ. ಅವರಿಗೆ ಇರ್ಲಿ ಪಾಪ, ಕಲೀಲಿ. ಆಟ ನಮ್ದೇ.”

ಗುಬ್ಬಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಅಷ್ಟರಲ್ಲಿ ಅತ್ತಿಗೆ ಕುರ್ಚಿಯಿಂದ ಎದ್ದೇಬಿಟ್ಟರು! ಯಜಮಾನರ ಹುಬ್ಬು ಮೇಲೇರಿತು.

“ನಂಗೆ ಗೊತ್ತಿಲ್ದಂಗೆ ಹಲಗೆ ಹಾಕಿ ದಾಟಿಸಿದ್ಯಾ?” ಎಂದರು ಅತ್ತಿಗೆ.

ಅತ್ತಿಗೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ದರದರ ಎಳೆದುಕೊಂಡು ಮತ್ತೆ ಕೂತರು.

“ನಂದೂ ತೆಗಿ. ಮೊದಲಿಂದ ಆಡ್ತೀನಿ.”

ಮತ್ತೆ ಬಿದ್ದರು. ಕ್ಲಿನಿಕ್ಕಿನಿಂದ ಫೋನು ಬಂತು, ಎತ್ತಲಿಲ್ಲ. ಯಜಮಾನರು ಮುಂದೆ ಬಂದು ಹೇಗಿದೆಯೆಂದು ಕೇಳಹೊರಟರು.

“ಸ್ವಲ್ಪ ಆ ಕಡೆ ನಿಲ್ರಿ, ಸೇತುವೆ ಕಾಣ್ತಿಲ್ಲ.”

ಯಜಮಾನರು ತೆಪ್ಪಗೆ ಸರಿದು ನಿಂತರು.